ಟಾರ್ಪಲ್ ಹೊದಿಸಿದ ತಪ್ಪಿಗೆ ರದ್ದಾದ ಸ್ಪರ್ಧೆ

ಕಾಲೇಜು ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಕಾಫಿ ಒಂದು ಕಾಳೂ ನೆನೆಯದೆ ಉಳಿಯಿತೆಂದು ತಿಳಿದು ಸಂತೋಷವಾಯಿತು. ನಮ್ಮ ಸ್ಪರ್ಧೆಯನ್ನು ‘ಅಶಿಸ್ತಿನ ಕಾರಣಕ್ಕೆ’ ರದ್ದು ಮಾಡಿದ್ದೀರೆಂದು ತಮ್ಮ ಕಚೇರಿಯ ನೋಟಿಸಿನಿಂದ ತಿಳಿದು ಸಂಕಟವಾಯಿತು. ಎರಡನೆಯದು ನಡೆದದ್ದೇ ಮೊದಲನೆಯದರಿಂದ. ನೋಟಿಸಿನಲ್ಲಿ ಕಾಫಿಯ ಸುದ್ದಿಯೇ ಇಲ್ಲವಾದ್ದರಿಂದ ಊರವರೆಲ್ಲ ಓದಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಅಂತಿಮ ವರ್ಷದವರಾದ ನಾವು ಸಾಮಾಜಿಕ ಉದ್ಯಮ ಸ್ಪರ್ಧೆ ಏರ್ಪಡಿಸಿದ್ದೆವು. ಊರಿನ ಒಂದು ತೊಂದರೆ ನೀಗಬೇಕು, ಆ ಕೆಲಸ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಅಂಥ ಯೋಜನೆ ತಂದವರಿಗೆ ಬಹುಮಾನವಾಗಿ ಕಾಲೇಜಿನ ಹಿಂದೆ ಸುಮ್ಮನೆ ನಿಂತಿರುವ ಹಳೇ ವ್ಯಾನು, ಕಾಫಿ ಕೊಯ್ಲು ಮುಗಿಯುವವರೆಗೆ. ಒಪ್ಪಿಗೆ ಕೊಟ್ಟವರು ತಾವೇ. ವೇದಿಕೆಯನ್ನು ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಹಾಕದೆ ಪಕ್ಕದ ಹುಲ್ಲಿನ ಮೇಲೆ ಏಕೆ ಹಾಕಿದಿರಿ ಎಂದು ಮೈಸೂರಿನಿಂದ ಬಂದಿದ್ದ ಮುಖ್ಯ ಅತಿಥಿಗಳು ಕೇಳಿದರು. ಅಂಕಣದ ತುಂಬ ತಮ್ಮ ರೊಬಸ್ಟಾ ಕಾಫಿ ಒಣಗುತ್ತಿತ್ತಲ್ಲ, ಏನು ಹೇಳೋಣ? ತೋಟದ ಕಣ ತುಂಬಿದೆ, ನಾಲ್ಕು ದಿನದ ಮಾತು ಎಂದು ಜನವರಿಯಲ್ಲಿ ಹೇಳಿದ್ದಿರಿ. ಫೆಬ್ರುವರಿ ಬಂದರೂ ನಮ್ಮ ಬಾಸ್ಕೆಟ್‌ಬಾಲ್ ತಂಡ ಸೈಕಲ್ ಸ್ಟ್ಯಾಂಡಿನಲ್ಲೇ ಅಭ್ಯಾಸ ಮಾಡುತ್ತಿದೆ. ಇರಲಿ ಬಿಡಿ.

ಕೊನೆಗೆ ಮಾತಾಡಲು ಬಂದವಳು ನೆಲ್ಯಹುದಿಕೇರಿಯ ತುಳಸಿ. ತೋಟದ ಕೂಲಿಯವರ ಲೈನ್ ಮನೆಯ ಹುಡುಗಿ. ಅವಳ ತಾಯಿ ಜವರಿಯಮ್ಮ ತಮ್ಮ ತೋಟದಲ್ಲೇ ಕಾಫಿ ಕೊಯ್ಯುತ್ತಾರೆ. ಕೊಯ್ಲಿಗೆ ಬರುವ ತಾಯಂದಿರ ಮಕ್ಕಳನ್ನು ತೋಟದ ರಸ್ತೆಯಲ್ಲೇ ವ್ಯಾನು ನಿಲ್ಲಿಸಿ ನೋಡಿಕೊಳ್ಳುವುದು, ಗಿಡ ಬಗ್ಗಿಸಲು ಕೈಲಾಗದ ಅಜ್ಜಿಯರಿಗೆ ಆ ಕೆಲಸ ಕೊಡುವುದು, ಖರ್ಚನ್ನು ತೋಟಗಳೇ ಹಂಚಿಕೊಳ್ಳುವುದು, ಇದು ಅವಳ ತಂಡದ ಯೋಜನೆ.

“ನನ್ನ ತಂಗಿ ಚಿನ್ನನ್ನ ಅಮ್ಮ ಈಗ್ಲೂ ಮರದ ಕೆಳಗೆ ಕೂರಿಸೇ ಪಿಕ್ಕಿಂಗ್ ಮಾಡೋದು ಸರ್,” ಎಂದಳು ತುಳಸಿ. “ಆನೆ ಬಂದಿದೆ ಅಂತ ಯಾರಾದ್ರೂ ಕೂಗಿದ್ರೆ ಅಮ್ಮ ಚೀಲ ಬಿಸಾಕಿ ಓಡ್ಬೇಕು.”

ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದ ಅತಿಥಿಗಳು ತಲೆ ಎತ್ತಿದರು. ಅಷ್ಟರಲ್ಲಿ ಅಟೆಂಡರ್ ಪದ್ಮಯ್ಯನವರು, “ಅಯ್ಯಯ್ಯೋ, ಮೋಡ ಕವೀತು! ಕಾಫಿ! ಕಾಫಿ!” ಎಂದು ಕಿರುಚಿದರು. ಹಿಂದೆಯೇ ವೇದಿಕೆಯ ಇನ್ನೊಂದು ಮೈಕಿನಲ್ಲಿ ಬೇರೊಂದು ದನಿ: “ಟಾರ್ಪಲ್ ಎಲ್ರೋ? ನೋಡ್ತಾ ಕೂತಿದ್ದೀರಲ್ಲಾ, ಓಡ್ರೋ!”

ಆ ದನಿ ಯಾರದೆಂದು ತಮಗೆ ಜ್ಞಾಪಕವಿದೆಯೇ ಸ್ವಾಮಿ? ಪಂಚೆ ಎತ್ತಿ ಕಟ್ಟಿ ವೇದಿಕೆಯಿಂದ ಮೊದಲು ಹಾರಿದವರು ಯಾರು? ‘ಅತಿಥಿಗಳ ಸಮ್ಮುಖದಲ್ಲಿ ವೇದಿಕೆ ತೊರೆದ’ ಅಪರಾಧಕ್ಕೆ ನೋಟಿಸು ಕೊಡುವುದಾದರೆ ಮೊದಲ ಪ್ರತಿ ಯಾರ ಮನೆಗೆ ಹೋಗಬೇಕು?

ಒಣಗಿದ ಕಾಫಿ ನೆನೆಯುತ್ತದೆ ಎಂದರೆ ಅದು ಯಾರ ಕಾಫಿ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಸ್ಪರ್ಧಿಗಳು, ತೀರ್ಪುಗಾರರು, ನಿರೂಪಕಿ, ಎಲ್ಲರೂ ಎದ್ದು ಓಡಿದರು. ನಾನು ಶಿರಂಗಾಲದವಳು. ನಮ್ಮದು ಶುಂಠಿ, ಜೋಳ. ಕಾಫಿ ಗಿಡ ಒಂದೂ ಇಲ್ಲ. ಆದರೂ ಚಿಕ್ಕಮ್ಮನಿಂದ ಕೇಳಿ ತಂದ ರೇಷ್ಮೆ ಸೀರೆ ಉಟ್ಟುಕೊಂಡೇ ಕಾಫಿ ಗುಡ್ಡೆ ಮಾಡಿದೆ. (ಚಿಕ್ಕಮ್ಮ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.) ತುಳಸಿ ಮೈಕು ಕೆಳಗಿಟ್ಟು ಓಡಿಬಂದು ಟಾರ್ಪಲಿನ ತುದಿಗಳಿಗೆ ಕಲ್ಲು ಹೇರಿದಳು. ಅತಿಥಿಗಳೊಬ್ಬರೇ ಹೂಗುಚ್ಛ ಹಿಡಿದು ನಿಂತಿದ್ದರು, ಪಾಪ. ನಾವು ತೊಯ್ದು ತೊಪ್ಪೆಯಾಗಿ ವಾಪಸು ಬರುವಷ್ಟರಲ್ಲಿ ಅವರು ಮೈಸೂರಿಗೆ ಹೊರಟುಹೋಗಿದ್ದರು.

ಈಗ ತುಳಸಿಯ ಮಂಡನೆ ಅಪೂರ್ಣವಂತೆ, ಸ್ಪರ್ಧೆ ಅಸಿಂಧುವಂತೆ, ವ್ಯಾನು ಇದ್ದಲ್ಲೇ ಇರಬೇಕಂತೆ. ವಿಚಾರಿಸಲು ಹೋದರೆ ತಮ್ಮ ಗುಮಾಸ್ತರು, “ಮುಂದಿನ್ ವರ್ಷ ಮಾಡಿದ್ರಾಯ್ತು ಬಿಡಮ್ಮಾ, ಏನ್ ಅವಸರ?” ಎನ್ನುತ್ತಾರೆ. ಅವಸರವಿದೆ. ತೋಟದಲ್ಲಿ ಕೊಯ್ಲು ಇನ್ನೂ ನಡೆಯುತ್ತಿದೆ, ಮಕ್ಕಳು ಇವತ್ತೂ ಮರದ ಕೆಳಗಿದ್ದಾರೆ. ತೀರ್ಪುಗಾರರು ಇದೇ ಊರಿನವರು, ಕರೆದರೆ ನಾಳೆಯೇ ಬರುತ್ತಾರೆ. ತುಳಸಿಯ ಮಾತು ಪೂರ್ತಿಯಾಗಲಿ, ತೀರ್ಪು ಹೊರಬೀಳಲಿ. ಬೇರೆ ತಂಡ ಗೆದ್ದರೆ ಮೊದಲು ಚಪ್ಪಾಳೆ ತಟ್ಟುವವಳು ತಾನೇ ಎಂದು ಅವಳೇ ಹೇಳಿದ್ದಾಳೆ. ಈ ವಾರದೊಳಗೆ ವ್ಯಾನಿನ ಕೀಲಿ ಗೆದ್ದವರ ಕೈಗೆ ಬರಬೇಕು. ನಾವು ಕೇಳುವುದು ಇಷ್ಟನ್ನೇ.

ಇನ್ನೊಂದು ಮಾತು ತಮಗೆ ಗೊತ್ತಿರಲಾರದು. ಮಳೆ ನಿಂತ ಮೇಲೆ ನಾನು ತುಳಸಿಯನ್ನು ಮನೆಗೆ ಬಿಡಲು ಹೋಗಿದ್ದೆ. ಜವರಿಯಮ್ಮ ಒಲೆಯ ಮುಂದೆ ಚಿನ್ನಳ ತಲೆ ಒರೆಸುತ್ತಿದ್ದರು. ಮಗು ಗಡಗಡ ನಡುಗುತ್ತಿತ್ತು. “ಮೊದ್ಲು ಕಾಫಿ ಮೂಟೆ ಮುಚ್ಚಿ ಅಂತ ತೋಟದ ಲೆಕ್ಕ ಬರೆಯೋ ರೈಟರ್ ಕೂಗಿದ್ರು ಕಣವ್ವಾ,” ಎಂದರು. “ಅದನ್ನ ಮುಚ್ಚಿ ಬರೋ ಹೊತ್ತಿಗೆ ಇವ್ಳು ಪೂರ್ತಿ ನೆಂದೋಗಿದ್ಲು.” ಆ ಹೊತ್ತಿನಲ್ಲಿ, ಅಧ್ಯಕ್ಷರೇ, ಇವಳ ಅಕ್ಕ ಇಲ್ಲಿ ತಮ್ಮ ಕಾಫಿಗೆ ಟಾರ್ಪಲ್ ಹೊದಿಸುತ್ತಿದ್ದಳು.

ಇಂತಿ,
ತಮ್ಮ ಕಾಫಿ ಉಳಿಸಿ ಶಿಸ್ತು ಕಳೆದುಕೊಂಡ
ಅನುಶ್ರೀ
ಸ್ಪರ್ಧೆಯ ಸಂಚಾಲಕಿ (ನೋಟಿಸಿನ ಪ್ರಕಾರ, ಮಾಜಿ)