ಎಸ್ಪಿನಾದ ಅಕ್ಕ, ಪಲೋಮಾದ ತಮ್ಮ

ಲಾಸ್ ರಾದಾಲೆಸ್,
ಆಗಸ್ಟ್ ೨೧

ತಮ್ಮಾ ಅಬೆಲಾರ್ದೊ,

ಹನ್ನೊಂದು ವರ್ಷದ ಮೇಲೆ, ಈ ಆಗಸ್ಟಿನ ಚಳಿಗಾಲದಲ್ಲಿ ಬರೆಯುತ್ತಿದ್ದೇನೆ. ಕ್ಷೇಮಸಮಾಚಾರ ಕೇಳುವ ಮುಖ ನನಗಿಲ್ಲ, ನೇರವಾಗಿ ವಿಷಯಕ್ಕೇ ಬರುತ್ತೇನೆ. ಕಳೆದ ಶನಿವಾರ ಮಧ್ಯಾಹ್ನ ನನ್ನ ಮಗಳು ಮೈತೆನ್ ಒಂದು ಹುಡುಗಿಯ ಬಾಯಿಗೆ ಸ್ಕೀ ಕೋಲಿನಿಂದ ಹೊಡೆದಳು. ಮುಂದಿನ ನಾಲ್ಕು ಹಲ್ಲು ಹೋದವು. ಮೇಲ್ತುಟಿ ಮೂಗಿನವರೆಗೆ ಸೀಳಿತು. ಒರ್ನೆಲ್ಲಾ ಅಂತ ಅವಳ ಹೆಸರು, ಹದಿನಾರು ವರ್ಷ, ನಿಮ್ಮ ಪಲೋಮಾ ಬೆಟ್ಟದವಳು.

ನಮ್ಮ ಎಸ್ಪಿನಾ, ನಿಮ್ಮ ಪಲೋಮಾ, ಎರಡು ಸ್ಕೀ ಬೆಟ್ಟಕ್ಕೂ ಬಸ್ಸು ಹೊರಡುವ ಆ ಒಂದೇ ನಿಲ್ದಾಣದಲ್ಲಿ ನಡೆದದ್ದು. "ನಿಮ್ಮ ಎಸ್ಪಿನಾದಲ್ಲಿ ಹಿಮ ಎಲ್ಲಿದೆಯೇ? ಗಾಳಿ ಎಲ್ಲಾ ಹೊತ್ಕೊಂಡು ಹೋಗಿ ಬರೀ ಬಂಡೆ ಉಳಿದಿದೆ, ಕತ್ತೆಗಳು ಜಾರಬೇಕಷ್ಟೆ" ಅಂದಳಂತೆ ಆ ಹುಡುಗಿ. ಅಷ್ಟೇ ಮಾತು. ನಾವು ಇದಕ್ಕಿಂತ ಕೆಟ್ಟದ್ದು ಎಷ್ಟು ಕೇಳಿಲ್ಲ, ಎಷ್ಟು ಅಂದಿಲ್ಲ?

ನಾನು ಹೋಗುವ ಹೊತ್ತಿಗೆ ಹುಡುಗಿಯನ್ನು ಆಸ್ಪತ್ರೆಗೆ ಒಯ್ದಿದ್ದರು. ನೆಲದ ಹಿಮ ಕೆಂಪಾಗಿತ್ತು. ಮೈತೆನ್ ಬೆಂಚಿನ ಮೇಲೆ ಕೂತು ಮಾತೆ ಎಲೆಯ ಕಷಾಯ ಹೀರುತ್ತಿದ್ದಳು. ಯಾರೋ ನಮ್ಮವರೇ ಬಿಸಿ ನೀರು ಬಗ್ಗಿಸಿ ಕೊಟ್ಟಿದ್ದರು, ಗೆದ್ದು ಬಂದವಳಿಗೆ ಕೊಡುವ ಹಾಗೆ. ಆ ಲೋಟವನ್ನು ಅವಳ ಕೈಯಿಂದ ಕಿತ್ತು ಎಸೆದು, "ಯಾಕೆ ಹೊಡೆದೆ?" ಅಂದೆ. ಅವಳು ನನ್ನನ್ನೇ ದಿಟ್ಟಿಸಿದಳು.

"ನೀನು ಮಾಮನ ತಲೆ ಒಡೆದಾಗ ಊರೆಲ್ಲ ನಿನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕುಣೀತಂತಲ್ಲ. ಈಗ ನಾನು ಮಾಡಿದ್ರೆ ತಪ್ಪಾ?"

ನನ್ನ ಕೈ ಮೇಲೆದ್ದಿತು, ಅಬೆಲ್. ಮುಷ್ಟಿಯೇ ಬಿಗಿದಿತ್ತು. ಅವಳು ತಲೆ ತಗ್ಗಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಹೊಡೆತ ಬೀಳುವುದು ಸಹಜವೆಂಬಂತೆ ಕಾದಳು. ಆ ಕಾಯುವಿಕೆ ನೋಡಿ ಕೈ ಇಳಿಸಿದೆ.

ನೀನೂ ಹಾಗೇ ಕಾದು ನಿಂತಿದ್ದೆ, ಹನ್ನೆರಡು ತುಂಬಿದ ಚಳಿಗಾಲದಲ್ಲಿ. ನಮ್ಮೂರಿನ ಮಕ್ಕಳು ಆ ವಯಸ್ಸಿಗೆ ತಮ್ಮ ಬೆಟ್ಟ ಯಾವುದು ಅಂತ ಹೇಳಬೇಕು. ಅಪ್ಪ ಎಸ್ಪಿನಾದಲ್ಲಿ ಜನರನ್ನು ತುದಿಗೆ ಹತ್ತಿಸುವ ಕುರ್ಚಿ ಲಿಫ್ಟು ನಡೆಸುತ್ತಿದ್ದವರು, ನಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ನೀನು ಊಟದ ಮೇಜಿನಲ್ಲಿ, ಬಾಯಲ್ಲಿ ಎಂಪನಾದ ಕಡುಬು ಇಟ್ಟುಕೊಂಡೇ, "ನಂಗೆ ಪಲೋಮಾ ಇಷ್ಟ. ಅಲ್ಲಿ ಹಿಮ ಮೆತ್ತಗಿದೆ" ಅಂದುಬಿಟ್ಟೆ. ಅಪ್ಪ ಬೆಲ್ಟು ಬಿಚ್ಚಿದರು. ಅದು ಸಾಲದೆ ಅಂಗಳಕ್ಕೆ ಹೋಗಿ ನಿನ್ನ ಸ್ಕೀಗಳನ್ನು ಸೌದೆ ಕೊಡಲಿಯಿಂದ ಕಡಿದರು. ಸ್ಕೀ ಜಾರದ ಹಾಗೆ ಕಟ್ಟಿಗೆ ದಿಮ್ಮಿಯ ಮೇಲೆ ಹಿಡಿದುಕೊಂಡವಳು ನಾನು. "ಬಿಗಿಯಾಗಿ ಹಿಡಿಯೇ ಗ್ರಿಸೆಲ್ಡಾ" ಅಂದರು, ಹಿಡಿದೆ. ನೀನು ಬಾಸುಂಡೆ ಎದ್ದ ತೊಡೆ ಉಜ್ಜಿಕೊಳ್ಳುತ್ತಾ ಬಂದು, "ಅಕ್ಕಾ, ಎರಡೂ ಬೆಟ್ಟ ಕೆಳಕ್ಕೇ ತಾನೇ ಇಳಿಸೋದು? ಅಪ್ಪಂಗೇನು ಕಷ್ಟ?" ಅಂತ ನಗಿಸಲು ನೋಡಿದೆ. ನಾನು ನಗಲಿಲ್ಲ.

ನೀನು ಹದಿನೆಂಟಕ್ಕೆ ಮನೆ ಬಿಟ್ಟೆ, ಪಲೋಮಾದ ಹಿಮ ಕಾವಲು ತಂಡ ಸೇರಿದೆ. ನಾನು ಎಸ್ಪಿನಾದ ತಂಡದಲ್ಲಿದ್ದೆ. ಇಬ್ಬರ ಕೆಲಸವೂ ಒಂದೇ, ಬಿದ್ದವರನ್ನು ಎತ್ತುವುದು. ಜಾಕೆಟ್ಟು ಮಾತ್ರ ಬೇರೆ, ನಿನ್ನದು ಕೆಂಪು, ನನ್ನದು ಹಸಿರು. ಅಪ್ಪ ಸತ್ತ ದಿನ ನೀನು ಆ ಕೆಂಪು ಜಾಕೆಟ್ಟಿನಲ್ಲೇ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟೆ. ಬೇಕೆಂದೇ ಹಾಕಿಕೊಂಡು ಬಂದಿದ್ದಾನೆ ಅಂದರು ನಮ್ಮವರು. ನಾನೂ ನಂಬಿದೆ. ಅಂದು ಬೆಳಿಗ್ಗೆಯಿಂದ ಹಿಮದಡಿ ಸಿಕ್ಕ ಇಬ್ಬರನ್ನು ತೋಡಿ ತೆಗೆದು, ಬಟ್ಟೆ ಬದಲಿಸಲೂ ಹೊತ್ತಿಲ್ಲದೆ ಓಡಿ ಬಂದಿದ್ದೆ ಅಂತ ಗೊತ್ತಾದದ್ದು ವರ್ಷಗಳ ಮೇಲೆ.

ಅದಾದ ಮೂರನೇ ವಾರ ಎರಡು ಬೆಟ್ಟಗಳ ನಡುವಿನ ಪಂದ್ಯ. ಎಸ್ಪಿನಾದ ಬುಡದಲ್ಲಿ, ನಮ್ಮ ಅಂಗಳದಲ್ಲೇ, ನಿಮ್ಮವರು ಗೆದ್ದರು. ಮೊದಲ ಬಾಟಲಿ ಎಸೆದವನು ನನ್ನ ತಂಡದ ಫಕುಂದೊ. ಆಮೇಲೆ ಯಾರು ಯಾರನ್ನು ಹೊಡೆದರೋ ಲೆಕ್ಕವಿಲ್ಲ. ಗಟ್ಟಿ ಬೂಟುಗಳಿಂದ ಬಿದ್ದವರ ಪಕ್ಕೆಗೆ ಒದೆಯುತ್ತಿದ್ದರು. ಒಬ್ಬನ ಕಿವಿಯ ಚೂರು ಹಿಮದಲ್ಲಿ ಬಿದ್ದಿತ್ತು. ಬಿದ್ದವರನ್ನು ಎತ್ತುವವಳು ನಾನು, ಅಂದು ಇಬ್ಬರನ್ನು ಕೆಡವಿದ್ದೆ. ಫಕುಂದೊ ಒಬ್ಬನ ಕುತ್ತಿಗೆ ಮೇಲೆ ಮಂಡಿಯೂರಿ ಕೂತಿದ್ದ. ನೀನು ಅವನನ್ನು ಹಿಂದಿನಿಂದ ಎಳೆಯುತ್ತಿದ್ದೆ.

ಆಮೇಲಿನದನ್ನು ನೀನು ಪೊಲೀಸರ ಮುಂದೆ ಹೇಳಿದ್ದು ಹೀಗೆ: "ಎಲ್ಲರ ಮುಖಕ್ಕೂ ಸ್ಕೀ ಕನ್ನಡಕ ಇತ್ತು, ಗಲಾಟೆ ಜೋರಾಗಿತ್ತು. ನಮ್ಮಕ್ಕಂಗೆ ನಾನು ಅಂತ ಗೊತ್ತಾಗ್ಲಿಲ್ಲ ಸಾರ್. ಗೊತ್ತಿದ್ರೆ ಹೊಡೀತಿದ್ಲಾ?" ತಲೆಗೆ ಬ್ಯಾಂಡೇಜು ಸುತ್ತಿಕೊಂಡು, ಎಡಗಿವಿ ಸತ್ತುಹೋಗಿ, ವೈದ್ಯರ ತುಟಿ ಓದುತ್ತಾ ಮಲಗಿದ್ದವನು ಅಷ್ಟು ಹೇಳಿ ನನ್ನನ್ನು ಬಿಡಿಸಿದೆ. ನಾನು ಆ ಸುಳ್ಳನ್ನು ಹೊದ್ದುಕೊಂಡು ಹನ್ನೊಂದು ವರ್ಷ ಬೆಚ್ಚಗಿದ್ದೆ.

ನನಗೆ ಗೊತ್ತಿತ್ತು, ಅಬೆಲ್.

"ಅಕ್ಕಾ, ಸಾಕು ಬಿಡೇ!" ಅಂತ ನೀನು ಕೂಗಿದ್ದು ಕೇಳಿಸಿತು. ತಿರುಗಿದೆ. ನೀನು ಕನ್ನಡಕ ಹಣೆಗೇರಿಸಿದ್ದೆ, ಹೆಲ್ಮೆಟ್ ಇರಲಿಲ್ಲ. ನಿನ್ನ ಮುಖ ಪೂರ್ತಿ ನೋಡಿದೆ. ಕೈಯಲ್ಲಿದ್ದ ಸ್ಕೀಯನ್ನು ಎರಡು ಕೈಯಲ್ಲೂ ಎತ್ತಿ ಬೀಸಿದೆ. ಉಕ್ಕಿನ ಅಂಚೇ ಬೀಳಲಿ ಅಂತ ಮಗ್ಗುಲು ತಿರುಗಿಸಿದ್ದು ಕೂಡ ನೆನಪಿದೆ. ಬುರುಡೆ ಬಿರುಕುಬಿಟ್ಟ ಸದ್ದು ಮರದ ಕೊಂಬೆ ಮುರಿದ ಹಾಗಿತ್ತು. ನೀನು ಬಿದ್ದ ಮೇಲೂ ಇನ್ನೊಂದು ಸಲ ಎತ್ತಿದ್ದೆ. ಫಕುಂದೊ ನನ್ನನ್ನು ಹಿಡಿದುಕೊಂಡ, ಅದಕ್ಕೇ ನೀನು ಉಳಿದೆ.

ಯಾಕೆ ಅಂತ ಕೇಳು. ಕೆಂಪು ಜಾಕೆಟ್ಟಿಗಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೊಮ್ಮೆ ಪಲೋಮಾಕ್ಕೆ ಹೋಗಿದ್ದೆ. ಗೆಳತಿಯ ಜಾಕೆಟ್ಟು ಹಾಕಿಕೊಂಡು, ಮುಖ ಮುಚ್ಚಿಕೊಂಡು. ಬೆಳಗಿನ ಮೊದಲ ಕುರ್ಚಿಯಲ್ಲಿ ಹತ್ತಿದವಳು ಕೊನೆಯ ಕುರ್ಚಿಯವರೆಗೂ ಮನೆಗೆ ಹೊರಡಲಿಲ್ಲ, ಜಾರಿ ಇಳಿದಿಳಿದು ಮತ್ತೆ ಮತ್ತೆ ಹತ್ತಿದೆ. ಗಾಳಿಯಿಲ್ಲ, ಬಂಡೆಯಿಲ್ಲ. ಲೆಂಗಾ ಮರಗಳ ನಡುವೆ ಮಂಡಿವರೆಗಿನ ಹಗುರ ಹಿಮ, ತಿರುಗಿದಾಗೆಲ್ಲ ಮುಖಕ್ಕೆ ಚಿಮ್ಮುತ್ತಿತ್ತು. ನಾನು ಕೂಗಿಕೊಂಡು ಇಳಿದೆ. ನನ್ನ ಬೆಟ್ಟ ಇದೇ ಅನ್ನಿಸಿತು. ಸಂಜೆ ಮನೆಗೆ ಬಂದು ಅಪ್ಪನ ಮುಂದೆ, "ಪಲೋಮಾನಾ? ಅದು ಹಾಲುಗಲ್ಲದ ಮಕ್ಕಳು ಅಂಬೆಗಾಲಿಡೋ ಜಾಗ" ಅಂದೆ. ಅಪ್ಪ ಬೆನ್ನು ತಟ್ಟಿದರು. ನೀನು ಹನ್ನೆರಡಕ್ಕೆ ಹೇಳಿದ್ದನ್ನು ನಾನು ಯಾವತ್ತೂ ಹೇಳಲಾಗಲಿಲ್ಲ. ಅದಕ್ಕೆ ಹೊಡೆದೆ.

ಭಾನುವಾರ ಫಕುಂದೊ ಮನೆಗೆ ಬಂದಿದ್ದ. "ಏನೂ ಚಿಂತೆ ಮಾಡ್ಬೇಡ ಕಣೆ, ಹುಡುಗಿ ತಾನೇ ಜಾರಿ ಬಿದ್ಲು ಅಂತ ಆರು ಜನ ಹೇಳ್ತಾರೆ. ನಿನ್ನ ತಮ್ಮನ ಮುಖ ನೋಡ್ಕೊಂಡೇ ನೀನು ಬೀಸಿದಾಗ್ಲೂ ನಾನು ಬಾಯಿ ಬಿಟ್ಟಿಲ್ವಲ್ಲ. ನಮ್ಮ ಮಗಳು ಬೆಟ್ಟದ ಮಾನ ಉಳಿಸಿದಾಳೆ" ಅಂದ. ನಾನು ಅವನನ್ನು ಕುತ್ತಿಗೆ ಪಟ್ಟಿ ಹಿಡಿದು ಬಾಗಿಲಾಚೆ ದೂಡಿದೆ. ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ಅದನ್ನೂ ಮಾಡಬಾರದಿತ್ತು. ಒಳ್ಳೆಯದು ಮಾಡಲು ಹೋದರೂ ನನ್ನ ಕೈಗೆ ಬೇರೆ ದಾರಿ ಗೊತ್ತಿಲ್ಲ ನೋಡು.

ಮೈತೆನ್ ಎಲ್ಲ ಕೇಳಿಸಿಕೊಂಡಳು. "ಅಮ್ಮಾ, ಮಾಮ ಅಂತ ಗೊತ್ತಿದ್ದೂ ಹೊಡೆದ್ಯಾ?" ಅಂದಳು. ಹೌದು ಅಂದೆ. ಚೀಲ ತುಂಬಿಕೊಂಡು ಹೊರಟುಹೋದಳು. ನಿನ್ನ ಮನೆಗೆ ಬಂದಿದ್ದಾಳೆ ಅಂತ ನಿನ್ನ ಹೆಂಡತಿ ಹೇಳಿಕಳುಹಿಸಿದಳು. ಒಳ್ಳೆಯದಾಯಿತು. ಅಲ್ಲೇ ಇರಲಿ. ರಾತ್ರಿ ನಿದ್ದೆಯಲ್ಲಿ ಹೊದಿಕೆ ಒದೆಯುತ್ತಾಳೆ, ಸ್ವಲ್ಪ ನೋಡಿಕೋ.

ನಿನ್ನೆ ಒರ್ನೆಲ್ಲಾಳ ಮನೆಗೆ ಹೋಗಿದ್ದೆ. ಅವಳ ಅಪ್ಪ ನನ್ನ ಮುಖಕ್ಕೆ ಉಗಿದ. ಒರೆಸಿಕೊಳ್ಳದೆ ನಿಂತೆ. ಹುಡುಗಿ ಒಳಗಿನಿಂದ ನೋಡುತ್ತಿದ್ದಳು, ಬಾಯಿ ತುಂಬ ಹೊಲಿಗೆ. ಬರುವಾಗ ಹಸಿರು ಜಾಕೆಟ್ಟನ್ನು ನಮ್ಮ ತಂಡದ ಕಚೇರಿಗೆ ಹಿಂತಿರುಗಿಸಿ ಬಂದೆ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನ್ಯಾಯಾಧೀಶರ ಮುಂದೆ ನನ್ನ ಹೇಳಿಕೆ. ಮಗಳು ಮಾಡಿದ್ದನ್ನು ಹೇಳುತ್ತೇನೆ, ಅವಳು ಯಾರಿಂದ ಕಲಿತಳು ಅನ್ನುವುದನ್ನೂ ಹೇಳುತ್ತೇನೆ. ನಿನ್ನನ್ನೂ ಕರೆಸಿ ಕೇಳಬಹುದು. ಆಗ, ನಿನ್ನ ಕಾಲಿಗೆ ಬೀಳುತ್ತೇನೆ ತಮ್ಮಾ, ನನ್ನನ್ನು ಉಳಿಸಬೇಡ. ಕೂಗಿದೆ, ಕೇಳಿಸಿಕೊಂಡಳು, ನೋಡಿ ಹೊಡೆದಳು ಅಂತ ಹೇಳು. ಮೈತೆನ್ ಅಲ್ಲಿ ಕೂತಿರುತ್ತಾಳೆ. ಅವಳ ಕಿವಿಗೆ ಬೀಳುವ ಹಾಗೆ ಗಟ್ಟಿಯಾಗಿ ಹೇಳು.

ನಿನ್ನಿಂದ ಕಿತ್ತುಕೊಂಡದ್ದನ್ನು ಮರಳಿ ಕೊಡುವ ಶಕ್ತಿ ನನಗಿಲ್ಲ. ನಿನ್ನ ಬಲಗಿವಿ ನೂರು ವರ್ಷ ಚೆನ್ನಾಗಿ ಕೇಳಲಿ.

ನಿನಗೆ ಹೊಡೆದವಳು, ನಿನ್ನ ಅಕ್ಕ,
ಗ್ರಿಸೆಲ್ಡಾ