ಚೀಲದಲ್ಲಿ ಉಳಿದ ರೊಟ್ಟಿ

ಜನವರಿ 11, 2025. ಶನಿವಾರ. ಸಂಜೆ 5.20

ಸೆಕೆಂಡ್ ಪಿಯು ಪ್ರಾಕ್ಟಿಕಲ್ ರೆಕಾರ್ಡ್ ನಲವತ್ತೆರಡು. ಸಹಿ ಹಾಕಿ ಹಾಕಿ ಕೈ ನೋವು. ಚಹಾ ಆಯಿತು. ಕಂಪ್ಯೂಟರ್ ಆನ್.

ನಿಂಗರಾಜನ ಮೆಸೇಜ್ ಬಂದಿದೆ. ನಾಲ್ಕು ವರ್ಷದ ಮೇಲೆ. ಡಿಪ್ಲೊಮಾದಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿದ್ದವರು. ಈಗ ಹೊನ್ನಾಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಆಟ ಮುಗಿಸಿದ್ದಾನಂತೆ — ಆ ಆಟವೇ, 'ಕರಿಗಲ್ಲು ಸೀಮೆ'. ಹಾಸ್ಟೆಲಿನಲ್ಲಿ ಇಬ್ಬರೂ ಶುರು ಮಾಡಿದ್ದು. ಚಿತ್ರ, ಕೋಡಿಂಗ್ ಅವನದು. ಪಾತ್ರಗಳ ಮಾತು ನನ್ನದು. ಕೆಲಸ, ಮದುವೆ, ಯೂಟ್ಯೂಬ್ ಚಾನೆಲ್ ಅಂತ ನಾನು ಅರ್ಧಕ್ಕೆ ಬಿಟ್ಟೆ. ಅವನು ಬಿಡಲಿಲ್ಲ.

ವಾಯ್ಸ್ ಮೆಸೇಜ್: "ಪ್ರಸನ್ನ, ನಿನ್ನ ಚಾನೆಲ್‌ನಾಗೆ ಇದ್ರ ಬಗ್ಗೆ ಹೇಳಪ್ಪ. ಚೆನ್ನಾಗೈತೆ ಅಂತಾನೇ ಹೇಳು ಅನ್ನಲ್ಲ. ಪೂರ್ತಿ ಆಡಿ ಹೇಳು, ಸಾಕು. ಜನ ಬಂದ್ರೆ ಎರಡನೇ ಭಾಗ ಮಾಡಾಕೆ ಕೂರ್ತೀನಿ. ಬರ್ಲಿಲ್ಲ ಅಂದ್ರೆ ಲ್ಯಾಪ್‌ಟಾಪ್ ಮುಚ್ಚಿ ಅಂಗಡಿ ನೋಡ್ಕಂತೀನಿ."

ಕನ್ನಡದಲ್ಲಿ ಗೇಮ್ ರಿವ್ಯೂ ಮಾಡುವವರೇ ನಾಲ್ಕಾರು ಜನ. ನನಗೆ ಮೂವತ್ತೊಂದು ಸಾವಿರ ಸಬ್‌ಸ್ಕ್ರೈಬರ್ಸ್. ಅದಕ್ಕೇ ನೆನಪಾಗಿದ್ದೇನೆ, ಇನ್ನೇನಕ್ಕೆ.

ಜನವರಿ 12, ಭಾನುವಾರ. ಮಧ್ಯಾಹ್ನ

ಶುರುವಿನ ಮಾತುಕತೆ ಸ್ಕಿಪ್ ಮಾಡಿದೆ. ತಾಯಿ ಮಗಳನ್ನು ಕುರಿ ಜೊತೆ ಕಳಿಸುವ ದೃಶ್ಯ, ಆರು ನಿಮಿಷ. ಬರೆದವನೇ ನಾನು. ಬಾಯಿಪಾಠ.

ಆಟದ ಸೀಮೆಯಲ್ಲಿ ನೆರಳುಗಳ್ಳ ಅಂತೊಬ್ಬ ಮಾಂತ್ರಿಕ. ಕುರಿಗಳ ನೆರಳು ಕದಿಯುತ್ತಾನೆ. ನೆರಳು ಹೋದ ಕುರಿ ತಾಯಿಯನ್ನು ಮರೆಯುತ್ತದೆ. ನೆರಳುಗಳನ್ನು ವಾಪಸ್ ತರಲು ಹೊರಟ ಕುರುಬರ ಹುಡುಗಿ ಮಾಳವ್ವ. ಜೊತೆಗೆ ಸೋಮ, ಮಂತ್ರ ಬರೆಯುವವನು.

ಪ್ಲಸ್: ಮ್ಯಾಪ್ ಇಲ್ಲ. ದಾರಿ ಬೇಕಾದರೆ ಜನರನ್ನು ಕೇಳಬೇಕು. ಒಬ್ಬ ಮುದುಕ ಸುಳ್ಳು ದಾರಿ ಹೇಳಿದ, ಒಂದು ಗಂಟೆ ಅಲೆದೆ, ಸಿಟ್ಟು ಬರಲಿಲ್ಲ. ಮಂತ್ರ ಹಾಕಿದಷ್ಟೂ ಮಾಳವ್ವನಿಗೆ ಒಂದೊಂದು ಕುರಿಯ ಹೆಸರು ಮರೆತುಹೋಗುತ್ತದೆ, ಪರದೆಯ ಮೇಲಿಂದಲೇ ಅಳಿಸಿಹೋಗುತ್ತದೆ. ಮಂತ್ರ ಹಾಕುವ ಮುಂಚೆ ಕೈ ತಡೆಯುವ ಆಟ ಇದುವರೆಗೆ ಆಡಿರಲಿಲ್ಲ. ಸತ್ಯ ಹೇಳಬೇಕೆಂದರೆ ಹೊಟ್ಟೆಯುರಿ.

ಮೈನಸ್: ಕಾಳಗ ನಿಧಾನ. ಟಗರು ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ. ಚೀಲದಲ್ಲಿ ಹನ್ನೆರಡೇ ಜಾಗ, ಅದರಲ್ಲೊಂದರಲ್ಲಿ ಬಟ್ಟೆ ಸುತ್ತಿದ ರೊಟ್ಟಿ. ತಿನ್ನಲು ಬರುವುದಿಲ್ಲ. ಮಾರಲು ಬರುವುದಿಲ್ಲ. ಎಸೆಯಲೂ ಬರುವುದಿಲ್ಲ. ಬಗ್ ಇರಬೇಕು.

ಪೂಜಾ ಹಿಂದೆ ನಿಂತು ನೋಡಿದಳು. "ಅಲ್ರೀ, ಇದು ಜಗಳೂರು ಕಡೆ ಇದ್ದಂಗೇ ಐತೆ. ಅವರ ಊರಿಗೆ ಹೋಗಿದ್ರಾ ನೀವು?"

ಒಂದು ಸಲ ಹೋಗಿದ್ದೆ, ನಿಂಗರಾಜನ ಊರು ಸೊಕ್ಕೆಗೆ.

"ಅವರ ಮನೇಲಿ ಊಟ ಮಾಡಿದ್ರಾ?"

ಹೊಟ್ಟೆ ತುಂಬಿತ್ತು ಅಂದೆ. ಹೆಂಡತಿಗೆ ಇಂಥವೇ ಪ್ರಶ್ನೆ ಹೊಳೆಯುತ್ತವೆ.

ಜನವರಿ 18, ಶನಿವಾರ. ಸಂಜೆ 6

ನದಿ ಬಂತು. ಹೊನ್ನಾಳಿ ಸೇತುವೆ ಮೇಲಿಂದ ಕಾಣುವ ಹೊಳೆಯೇ, ಬಣ್ಣ ಮಾತ್ರ ನೇರಳೆ. ದಡದಲ್ಲಿ ಸೋಮ ನಿಂತ. "ನಾಳೆ ಬರ್ತೀನಿ" ಅಂದ. ಹೋದ. ಅಷ್ಟೇ. ಮಾಳವ್ವ ಒಬ್ಬಳೇ ಉಳಿದಳು.

ಈ ಸಾಲು ನಾನು ಬರೆದದ್ದಲ್ಲ. ವಾಟ್ಸ್‌ಆ್ಯಪ್ ತೆಗೆದು ಮೇಲಕ್ಕೆ ಹೋದೆ. 2020ರ ಡಿಸೆಂಬರ್, ಅವನಿಗೆ ನನ್ನ ಕೊನೆಯ ಮೆಸೇಜ್: "ಉಳಿದ ಮಾತು ನಾಳೆ ಕಳಿಸ್ತೀನಿ."

ದೊಡ್ಡ ದೊಡ್ಡ ಮಾತಾಡುವ, ಹೊತ್ತಿಗೆ ಸರಿಯಾಗಿ ಕೈಕೊಡುವ ಸೋಮ ನಾನು. ಬಾಯಿಬಿಟ್ಟು ಬೈಯಬಹುದಿತ್ತಲ್ಲ. ನನ್ನ ಮಾತುಗಳನ್ನೇ ಆಟದ ತುಂಬ ಇಟ್ಟುಕೊಂಡು, ನನ್ನನ್ನೇ ಗೊಂಬೆ ಮಾಡಿ, ನನ್ನ ಬಾಯಲ್ಲೇ ಹೊಗಳಿಸಬೇಕಂತೆ. ಶುರುವಿನ ಪರದೆಯಲ್ಲಿ ಅವನೊಬ್ಬನದೇ ಹೆಸರು.

ಜನವರಿ 19, ಭಾನುವಾರ

ಸೋಮ ಹೋದಮೇಲೆ ಬರೀ ಬಯಲು. ನಡೆ, ನಡೆ, ನಡೆ. 'ಕಾಯು' ಅಂತೊಂದು ಬಟನ್ ಇದೆ. ಒತ್ತಿದರೆ ಒಂದು ದಿನ ಕಳೆಯುತ್ತದೆ, ಏನೂ ಆಗುವುದಿಲ್ಲ. ಒಮ್ಮೆ ಒತ್ತಿದೆ. ಸಾಕಾಯಿತು. ಒಟ್ಟು ಹನ್ನೊಂದು ಗಂಟೆ ಆಡಿದ್ದೇನೆ.

ರಿವ್ಯೂ ಬರೆದೆ. ಪೂಜಾ: "ಪೂರ್ತಿ ಆಡಿ ಹೇಳು ಅಂದಿದ್ರಲ್ಲ ಅವರು? ಅರ್ಧಕ್ಕೇ ಬಿಟ್ಟು ಹೆಂಗೆ ಹೇಳ್ತೀರಿ?"

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಪಾತ್ರೆ ಖಾಲಿ ಮಾಡಬೇಕಾ ಅಂದೆ. ಅವಳು ಒಳಗೆ ಹೋದಳು.

ಜನವರಿ 26, ಭಾನುವಾರ. 11.30

ಕಾಲೇಜಿನಲ್ಲಿ ಧ್ವಜ, ಲಾಡು. ಬಂದು ವಿಡಿಯೊ ಹಾಕಿದೆ. 'ಕರಿಗಲ್ಲು ಸೀಮೆ: ಎಸೆಯಲಾಗದ ರೊಟ್ಟಿ'. ಪ್ಲಸ್‌ಗೆ ಎರಡು ನಿಮಿಷ, ಮೈನಸ್‌ಗೆ ಒಂಬತ್ತು. ರೊಟ್ಟಿಯನ್ನು ಎಸೆಯಲು ಹೆಣಗುವ ದೃಶ್ಯ ನಲವತ್ತು ಸೆಕೆಂಡ್, ಹಿಂದೆ ಬ್ಯಾಂಡ್ ಸಂಗೀತ. ಎಡಿಟಿಂಗ್ ಚೆನ್ನಾಗಿ ಬಂದಿದೆ.

ಫೆಬ್ರುವರಿ 2, ಭಾನುವಾರ

ಎಂಬತ್ತು ಸಾವಿರ ವ್ಯೂಸ್. ನನ್ನ ಚಾನೆಲ್‌ನಲ್ಲಿ ಇದೇ ಹೆಚ್ಚು. ರೊಟ್ಟಿಯ ಮೀಮ್ಸ್ ಹುಟ್ಟಿವೆ. ಆಟದ ಪುಟದ ಕೆಳಗೂ ಜನ ಅದನ್ನೇ ಬರೆಯುತ್ತಿದ್ದಾರೆ, ಆಡದವರೂ.

ನಿಂಗರಾಜನಿಗೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದ್ದೆ. ನೋಡಿದ್ದಾನೆ. ಎರಡು ನೀಲಿ ಗೆರೆ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 7

ಒಂದು ತಿಂಗಳಿಂದ ಈ ಡೈರಿ ಮುಟ್ಟಿರಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಅಂತಲ್ಲ.

ನ್ಯಾಮತಿಯಿಂದ ರಕ್ಷಾ ಅಂತ, ಬಿಎಸ್ಸಿ ಓದುವ ಹುಡುಗಿ, ಇ-ಮೇಲ್ ಹಾಕಿದ್ದಾಳೆ. "ಸರ್, ನೀವು ಆಟ ಮುಗಿಸಿಲ್ಲ ಅನ್ಸುತ್ತೆ. ಹೊಳೆ ಹತ್ರ ಮೂರು ದಿನ ಕಾಯ್ರಿ. ಸೋಮ ವಾಪಸ್ ಬರ್ತಾನೆ. ಹಸ್ಕೊಂಡು ಬಂದಿರ್ತಾನೆ. ಆ ರೊಟ್ಟಿ ಅವನದು. ಶುರುನಾಗೇ ಮಾಳವ್ವನ ತಾಯಿ ಹೇಳ್ತಾಳಲ್ಲ ಸರ್. ಮತ್ತೆ ವಿಡಿಯೊದಾಗೆ, ನಿಮ್ಮ ಮಾತು ಬಳಸಿ ನಿಮ್ಮ ಹೆಸರು ಹಾಕಿಲ್ಲ ಅಂದ್ರಿ. ಕೊನೆಗೆ ನಿಮ್ಮ ಹೆಸರೇ ಮೊದ್ಲು ಬರುತ್ತೆ."

10.45

ಹೊಸದಾಗಿ ಶುರು ಮಾಡಿದೆ. ಸ್ಕಿಪ್ ಮಾಡಲಿಲ್ಲ. ಐದೂವರೆ ನಿಮಿಷ ನನ್ನ ಮಾತೇ. ಆಮೇಲೆ ನಾನು ಬರೆಯದ ಒಂದು ತುಣುಕು. ತಾಯಿ ಮಗಳ ಚೀಲಕ್ಕೆ ಬಟ್ಟೆಗಂಟು ಹಾಕುತ್ತಾಳೆ. "ಇದು ನಿನ್ನ ಪಾಲಲ್ಲವ್ವ. ಬರದೇ ಇದ್ದೋರ ಪಾಲು. ಬರೋತನಕ ಕಟ್ಟಿಡು. ಎಸೀಬ್ಯಾಡ."

ದನಿ ಗುರುತು ಹತ್ತಿತು. ಉಚ್ಚಂಗೆಮ್ಮ. ನಿಂಗರಾಜನ ತಾಯಿ.

ಸಂಜೆ 4

ಇಲ್ಲಾದರೂ ನಿಜ ಬರೆಯಬೇಕು.

ಸೊಕ್ಕೆ, 2017. ಅವರ ಮನೆಯ ಜಂತಿಗೆ ಒಂದು ಗಂಟು ನೇತುಬಿದ್ದಿತ್ತು. ಏನದು ಅಂತ ಕೇಳಿದ್ದೆ. ನಿಂಗರಾಜನ ಅಪ್ಪ ದುರುಗಪ್ಪ ಕುರಿ ಹೊಡೆದುಕೊಂಡು ಹೋಗಿ ಎರಡು ದಿನವಾಗಿತ್ತು. ಅವನ ಪಾಲಿನ ರೊಟ್ಟಿ. ಬರುವತನಕ ಯಾರೂ ಮುಟ್ಟುವ ಹಾಗಿಲ್ಲ, ಒಣಗಿದರೂ ಎಸೆಯುವ ಹಾಗಿಲ್ಲ. ಬಂದವನು ಮೊದಲು ಅದರಲ್ಲೊಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೇ ಬಿಸಿ ರೊಟ್ಟಿಗೆ ಕೂರಬೇಕು.

ನನಗೆ ತಟ್ಟೆ ಇಟ್ಟರು. ಹೊಟ್ಟೆ ತುಂಬಿದೆ ಅಂದೆ. ತುಂಬಿರಲಿಲ್ಲ. ಬೆಳಿಗ್ಗೆಯಿಂದ ಬಸ್ಸಿನಲ್ಲೇ ಇದ್ದೆ, ಹಸಿವಿನಿಂದ ತಲೆ ಸುತ್ತುತ್ತಿತ್ತು. ಅವರ ಮನೆಯಲ್ಲಿ ಉಂಡೆ ಅಂತ ನಮ್ಮನೆಯಲ್ಲಿ ಗೊತ್ತಾದರೆ ಅನ್ನುವುದು ಒಂದು. ನನಗೇ ಬೇಡವಾಗಿತ್ತು ಅನ್ನುವುದು ಇನ್ನೊಂದು. ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಮೆಸ್‌ನಲ್ಲಿ ಉಂಡವನು ನಾನು. ಮೆಸ್ ಬೇರೆ, ಅವರ ಒಲೆ ಬೇರೆ ಅಂತ ಒಳಗೊಬ್ಬ ಕೂತಿದ್ದ.

ಉಚ್ಚಂಗೆಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಎರಡು ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ದಾರೀಲಿ ಹಸಿವಾಗ್ತೈತಪ್ಪ, ತಿನ್ನು." ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ನಿಂಗರಾಜ ಬಸ್ಸಿನ ಟೈಮು ಕೇಳಲು ಹೋದಾಗ ಕಸದ ಡಬ್ಬಕ್ಕೆ ಹಾಕಿದೆ. ಬಟ್ಟೆ ಸಮೇತ. ಅವನು ತಿರುಗಿ ಬಂದಾಗ ಬಿಸ್ಕತ್ತು ತಿನ್ನುತ್ತಿದ್ದೆ. ನೋಡಲಿಲ್ಲ ಅಂದುಕೊಂಡಿದ್ದೆ, ಎಂಟು ವರ್ಷ.

ನೋಡಿದ್ದಾನೆ. ನೋಡಿಯೂ ಆಟದಲ್ಲಿ ನನ್ನ ಪಾಲು ಕಟ್ಟಿಟ್ಟಿದ್ದ. ನಾನು ಅದಕ್ಕೆ ಬ್ಯಾಂಡ್ ಬಾರಿಸಿ ಎಂಬತ್ತು ಸಾವಿರ ಜನರನ್ನು ನಗಿಸಿದೆ. ಥೂ.

ಮಾರ್ಚ್ 16, ಭಾನುವಾರ. ಮಧ್ಯಾಹ್ನ 3, ಹೊನ್ನಾಳಿಯಿಂದ ವಾಪಸ್ ಬರುವ ಬಸ್ಸಿನಲ್ಲಿ

ನಿಂಗರಾಜನ ಅಂಗಡಿಗೆ ಹೋಗಿದ್ದೆ. ಫೋನ್ ಒಂದನ್ನು ಬಿಚ್ಚಿಕೊಂಡು ಕೂತಿದ್ದ. ಎದ್ದು ಸ್ಟೂಲ್ ಹಾಕಿದ. "ಕೂತ್ಕಳ್ರಿ."

ರಿ. ನನಗೆ.

ವಿಡಿಯೊ ತೆಗೀತೀನಿ, ಇನ್ನೊಂದು ಮಾಡ್ತೀನಿ, ಪೂರ್ತಿ ಆಡಿ ಮಾಡ್ತೀನಿ ಅಂದೆ. ತಪ್ಪಾಯಿತು ಅಂತಲೂ ಅಂದೆ. ಜಗಳೂರು ಬಸ್ ಸ್ಟ್ಯಾಂಡ್ ಅನ್ನುವಷ್ಟರಲ್ಲಿ ಕೈ ಅಡ್ಡ ಹಿಡಿದ.

"ಅದೆಲ್ಲ ಯಾಕ್ರಿ ಈಗ. ನೀವು ಹೇಳಿದ್ದು ಸರಿ ಐತೆ. ಚೀಲದಾಗೆ ಜಾಗ ಕಮ್ಮಿ. ಅಪ್‌ಡೇಟ್ ಬಿಡ್ತೀನಿ, ಅದೇ ಕೊನೇದು. ಆಮೇಲೆ ಅಂಗಡಿ ಕೆಲಸಾನೇ."

ಎರಡನೇ ಭಾಗ?

ಸ್ಕ್ರೂಡ್ರೈವರ್ ಒರೆಸಿದ. "ಅವ್ವ ಫೋನ್ ಮಾಡಿದ್ಲು. ನಿನ್ನ ದೋಸ್ತ್ ಆಟ ಆಡಿದ್ನಾ, ನನ್ನ ದನಿ ಕೇಳಿದ್ನಾ ಅಂದ್ಲು. ಕೇಳಿದಾನೆ ಬಿಡವ್ವ, ಗುರುತು ಹಿಡಿದ ಅಂದೆ."

ಚಹಾ ತರಿಸಿದ. ಕುಡಿದೆ. ಅವನು ಕುಡಿಯಲಿಲ್ಲ. ಹೊಟ್ಟೆ ತುಂಬೈತೆ ಅಂದ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 9

ಅಪ್‌ಡೇಟ್ ಬಂದಿದೆ. ಕೆಳಗೆ ಎರಡೇ ಸಾಲು:

'ರೊಟ್ಟಿ ಎಸೆಯಲು ಬಾರದ ತೊಂದರೆ ಸರಿಪಡಿಸಲಾಗಿದೆ.

ನದಿಯ ಬಳಿ ಕಾಯುವ ಭಾಗ ತೆಗೆಯಲಾಗಿದೆ.'

ನನ್ನ ಮೈನಸ್ ಪಟ್ಟಿಯಿಂದ ಎತ್ತಿಕೊಂಡ ಹಾಗಿದೆ. ವಿಡಿಯೊ ಅಳಿಸಿದ್ದೇನೆ. ಅದರ ತುಣುಕು ಬೇರೆಯವರ ಚಾನೆಲ್‌ಗಳಲ್ಲಿ ಓಡಾಡುತ್ತಿದೆ. ಅದನ್ನು ಅಳಿಸಲು ನನ್ನ ಕೈಯಲ್ಲಿ ಆಗುವುದಿಲ್ಲ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ 1.10

ಬೆಳಿಗ್ಗೆಯಿಂದ ಆಡುತ್ತಿದ್ದೇನೆ. ಒಂದು ಮಂತ್ರವನ್ನೂ ಹಾಕಿಲ್ಲ. ಎಲ್ಲ ಕುರಿಗಳ ಹೆಸರೂ ಉಳಿದಿವೆ.

ನದಿ. ಸೋಮ "ನಾಳೆ ಬರ್ತೀನಿ" ಅಂದ, ಹೋದ. ಚೀಲ ತೆರೆದೆ. ರೊಟ್ಟಿಯ ಪಕ್ಕದಲ್ಲಿ ಈಗ ಒಂದು ಬಟನ್: 'ಎಸೆ'. ಉಳಿದೆಲ್ಲ ಬಟನ್‌ಗಳಂತೆಯೇ ಇದೆ, ಬೂದು ಬಣ್ಣ.

'ಕಾಯು' ಬಟನ್ ಮಾತ್ರ ಹಾಗೇ ಉಳಿದಿದೆ. ಒತ್ತಿದೆ. ಒಂದು ದಿನ.

ಕಾಯು. ಎರಡು.

ಪೂಜಾ ಊಟಕ್ಕೆ ಕರೆದಳು. ನನ್ನದು ಮುಚ್ಚಿಡು ಅಂದೆ. "ಎಷ್ಟೊತ್ತು ಅಂತ ಮುಚ್ಚಿಡಾಕೆ ಆಗುತ್ರೀ?" ಅಂದಳು.

ಮೂರು. ಆಚೆ ದಡದಲ್ಲಿ ಯಾರೂ ಇಲ್ಲ. ಸೋಮ ಬರುವ ಭಾಗವನ್ನು ನಿಂಗರಾಜ ತೆಗೆದಿದ್ದಾನೆ, ಗೊತ್ತು. ಅವನೇ ಬರೆದಿದ್ದಾನಲ್ಲ. ಆದರೂ ಒಂದೊಂದು ಸಲ ತೆಗೆದ ಭಾಗ ಒಳಗೆ ಎಲ್ಲೋ ಉಳಿದಿರುತ್ತದೆ, ಇಂಥ ಬಗ್ ಎಷ್ಟೋ ನೋಡಿದ್ದೇನೆ.

ನಾಲ್ಕು. ಕುರಿಗಳು ಮಲಗಿವೆ. ರೊಟ್ಟಿ ಚೀಲದಲ್ಲೇ ಇದೆ.

ಐದು. ಇನ್ನೊಂದು ದಿನ ನೋಡಿ ಆಮೇಲೆ…