ಮೇಲಿನ ಮನೆಯ ಹಾಜರಿ

ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮನಿಗೆ,

ಆಸ್ಪತ್ರೆಯವರು ಕೊರೊನಾ ಕೆಲಸಕ್ಕೆಂದು ನಿನ್ನನ್ನು ಅಲ್ಲೇ ಉಳಿಸಿಕೊಂಡು ಇವತ್ತಿಗೆ ನಲವತ್ತು ದಿನ. ವಾರ್ಡು ಒರೆಸುವಾಗ ಸೆಕೆ ಅಂತ ಮಾಸ್ಕು ಕೆಳಗಿಳಿಸಬೇಡ, ನಿನ್ನ ದಮ್ಮಯ್ಯ. ಈ ಕಾಗದವನ್ನು ಆಂಬ್ಯುಲೆನ್ಸ್ ಓಡಿಸುವ ಮಾವನ ಕೈಲಿ ಕಳಿಸುತ್ತಿದ್ದೇನೆ. ನಾನು ಆರಾಮಾಗಿದ್ದೇನೆ, ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೇನೆ.

ನಮ್ಮಲ್ಲಿದ್ದ ಒಂದೇ ಫೋನು ನಿನ್ನ ಜೊತೆ ಹೋಯಿತಲ್ಲ, ನನ್ನ ಹತ್ತನೇ ಕ್ಲಾಸಿನ ಪಾಠದ ಗತಿ ಏನು ಎಂದು ನೀನು ಕೇಳಿ ಕಳಿಸಿದ್ದೆ. ಮೇಲಿನ ಮನೆಯ ಫೋನಿನಲ್ಲಿ ನೋಡುತ್ತೇನೆ ಅಂತ ನಾನು ಅಂದಿದ್ದೆ. ಅದು ಅರ್ಧ ನಿಜ. ನೋಡುವುದು ನನ್ನ ಶಾಲೆಯ ಪಾಠವಲ್ಲ, ಬೇರೆ ಶಾಲೆಯಲ್ಲಿ ಹತ್ತನೇ ಕ್ಲಾಸು ಓದುವ ಓನರಮ್ಮನ ಮಗಳದು. ಆ ಮಹಾರಾಣಿ ಏಳುವುದೇ ಹನ್ನೊಂದಕ್ಕೆ. ಅಲ್ಲಿಯವರೆಗೆ ಕ್ಯಾಮೆರಾ ಆರಿಸಿಕೊಂಡು ಕೂತು, ಅವಳ ಹೆಸರು ಕೂಗಿದಾಗ ಪ್ರೆಸೆಂಟ್ ಮಿಸ್ ಅನ್ನುವುದು ನನ್ನ ಕೆಲಸ. ಬೈಯಬೇಡ. ಆ ಮಿಸ್ ಲೆಕ್ಕ ಹೇಳಿಕೊಡುವ ಚೆಂದಕ್ಕೆ ನಿನಗೂ ಅರ್ಥವಾಗಿಬಿಡುತ್ತದೆ! ಮೊನ್ನೆ ಮಿಸ್ ಶಭಾಷ್ ಅಂದರು. ಮೊದಲು ಉಬ್ಬಿಹೋದೆ, ಆಮೇಲೆ ಹೊಟ್ಟೆ ಉರಿಯಿತು. ಶಭಾಷ್‌ಗಿರಿಯೆಲ್ಲ ಮಲಗಿದವಳ ಹೆಸರಿಗೆ.

ಹೋದ ವಾರ ಓನರಮ್ಮ, ಅವಳ ಪರೀಕ್ಷೆನೂ ನೀನೇ ಬರೆದುಬಿಡೇ ಅಂದರು. ನಮ್ಮ ಪರೀಕ್ಷೆನೂ ಅದೇ ದಿನ, ಅದೇ ಹೊತ್ತಿಗೆ, ಫೋನಿಲ್ಲದವರು ಶಾಲೆಗೇ ಹೋಗಿ ಬರೀಬೇಕು, ಹೋಗದಿದ್ರೆ ನನ್ನ ಹೆಸರು ಹೊಡೆದುಹಾಕ್ತಾರೆ ಎಂದು ಗೋಗರೆದೆ. ಅವರು ಸಿಟ್ಟಾಗಲಿಲ್ಲ, ಅದಕ್ಕೇ ನನಗೆ ಭಯ. ನಗುತ್ತಲೇ, ಆಸ್ಪತ್ರೆ ಕೆಲಸದವರಿಗೆ ಈಗ ಯಾರು ರೂಮು ಕೊಡ್ತಾರೆ ಹೇಳು, ನಾವಾಗಿದ್ದಕ್ಕೆ ಇಟ್ಕೊಂಡಿದೀವಿ ಅಂದರು. ಅವತ್ತಿನಿಂದ ನಮ್ಮ ನಲ್ಲಿಗೆ ದಿನಕ್ಕೆ ಒಂದೇ ಸಲ ನೀರು.

ನೀನು ತಲೆ ಕೆಡಿಸಿಕೊಳ್ಳಬೇಡ. ಯೋಚನೆ ಮಾಡಿ ಏನಾದರೂ ಒಂದು ತೀರ್ಮಾನ ಮಾಡುತ್ತೇನೆ.

ಇಂತಿ,
ನಿನ್ನ ಬಾಯಿಬಡುಕಿ

ಮತ್ತೆ ಬರೆಯುತ್ತಿದ್ದೇನೆ: ಸುಳ್ಳು ಹೇಳಿದೆ ಅಮ್ಮ. ಪರೀಕ್ಷೆ ಇವತ್ತು ಬೆಳಗ್ಗೆಯೇ ಮುಗಿಯಿತು. ಮೇಲಿನ ಮನೆಯಲ್ಲೇ ಕೂತು ಬರೆದೆ, ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಹಾಳೆಗಳ ಫೋಟೊ ತೆಗೆದು ಕಳಿಸಿದ್ದೂ ನಾನೇ. ಓನರಮ್ಮ ಕಣ್ಣೆತ್ತಿಯೂ ನೋಡಲಿಲ್ಲ. ಪ್ರತಿ ಹಾಳೆಯ ಮೇಲೂ ಅವಳದಲ್ಲ, ನನ್ನ ಹೆಸರು ಬರೆದಿದ್ದೇನೆ. ಕೈತಪ್ಪಿ ಅಲ್ಲ. ಅಲ್ಲಿನ ಮಿಸ್ ಸಂಜೆ ತಿದ್ದಲು ಕೂರುತ್ತಾರಂತೆ. ನಮ್ಮ ಬಾಗಿಲಿಗೆ ಓನರಮ್ಮ ಬೇರೆ ಬೀಗ ಹಾಕಿದರು ಅಂತ ಸುದ್ದಿ ಬಂದರೆ ಅವರಿಗೆ ಫೋನು ಮಾಡಿ ಕೇಳಬೇಡ. ನಾನು ನಿನ್ನ ಆಸ್ಪತ್ರೆಯ ಗೇಟಿನ ಹತ್ತಿರ ಇರುತ್ತೇನೆ.